ಕಂಡ ಹಾಗೇ ಬಿಡು

ನನ್ನ ದಾರಿಯಲ್ಲಿ ಮೂವತ್ತೊಂದು ಗೇಟು.
ಕೆಂಪು ವ್ಯಾನು ನಿಲ್ಲಿಸು, ಇಳಿ, ತೆಗೆ,
ಹತ್ತು, ದಾಟು, ಮತ್ತೆ ಇಳಿ, ಹಾಕು.
ಶ್ರಾಪ್‌ಶೈರಿನ ಈ ಗುಡ್ಡಗಳಲ್ಲಿ ಅಂಚೆಯವಳಾಗಿ ಸೇರಿದ ದಿನ
ಹಳೆಯ ಅಂಚೆಯವ ಹೇಳಿಕೊಟ್ಟದ್ದು ಒಂದೇ ಪಾಠ:
ಗೇಟು ಹೇಗೆ ಕಂಡಿತೋ ಹಾಗೇ ಬಿಡು.
ಮುಚ್ಚಿತ್ತೋ, ಮುಚ್ಚು. ತೆರೆದಿತ್ತೋ, ತೆರೆದಿರಲಿ.
ಯಾಕೆ ಅಂತ ಕೇಳಬೇಡ.
ಕುರಿಗೆ ಗೊತ್ತು, ಕುರಿಯವನಿಗೆ ಗೊತ್ತು.

ಒಂದೊಂದಕ್ಕೂ ಒಂದೊಂದು ಹಟ.
ಗಿಟಿನ್ಸರ ಗೇಟು ನೆಲ ಕೆರೆಯುತ್ತದೆ,
ಸೊಂಟ ಕೊಟ್ಟು ಎತ್ತಬೇಕು,
ಕೆಸರಲ್ಲಿ ಕೂತ ಹಸುವನ್ನು ಎಬ್ಬಿಸುವ ಹಾಗೆ.
ಪ್ರೀಸ್ ಅಣ್ಣತಮ್ಮಂದಿರದಕ್ಕೆ ಚಿಲಕವೇ ಇಲ್ಲ,
ಹುಲ್ಲಿನ ಪಿಂಡಿಯಿಂದ ಬಿಚ್ಚಿದ ನೀಲಿ ನೈಲಾನ್ ಹುರಿ.
ಅಣ್ಣ ಹಾಕಿದ ಗಂಟನ್ನು ತಮ್ಮ ಮುಟ್ಟುವುದಿಲ್ಲ,
ಬೇಲಿ ಹಾರಿ ಹೋಗುತ್ತಾನೆ,
ಅರವತ್ತೆಂಟು ತುಂಬಿದೆ ಅವನಿಗೆ.

ಮಾತು ಕಡಿಮೆ ಇಲ್ಲಿ.
ಹೇಗಿದ್ದೀರಿ? ಪರವಾಗಿಲ್ಲ.
ಮಗಳ ಮದುವೆ? ಪರವಾಗಿಲ್ಲ.
ಟಗರಿಗೆ ಪ್ರದರ್ಶನದಲ್ಲಿ ಮೊದಲ ಬಹುಮಾನ ಬಂದಾಗಲೂ
ಆಲ್ವಿನ್ ಬೆಡ್ಡೋಸ್ ಅಂದದ್ದು ಪರವಾಗಿಲ್ಲ;
ಅವತ್ತು ಮಾತ್ರ ಟೋಪಿ ತೆಗೆದು ಅಂದ.
ಎದೆಯ ಚಿತ್ರ ನೋಡಿ ಡಾಕ್ಟರು ಸುಮ್ಮನಾದ ಸಂಗತಿಯನ್ನೂ
ಅದೇ ಉಸಿರಿನಲ್ಲಿ ಹೇಳಿದ,
ಬೀಜದ ಕ್ಯಾಟಲಾಗು ಇಸಕೊಳ್ಳುತ್ತ,
ಈ ಸಲ ಟರ್ನಿಪ್ ತಡ ಅಂತ ಬೈಯುತ್ತ.

ಅವನದು ಇಪ್ಪತ್ತಮೂರನೆಯ ಗೇಟು.
ನವೆಂಬರಿನ ಒಂದು ಸಂಜೆ
ಕುರಿಗಳನ್ನು ಕೆಳಗಿನ ಹೊಲಕ್ಕೆ ಇಳಿಸಲು ತೆಗೆದಿಟ್ಟಿದ್ದ.
ಕುರಿ ಇಳಿದವು. ಅವನು ಮೇಲೆ ಬರಲಿಲ್ಲ.
ಆಂಬುಲೆನ್ಸು ಆ ತೆರೆದ ಗೇಟಿನಲ್ಲೇ ಒಳಗೆ ಬಂತು,
ಅದರಲ್ಲೇ ಹೊರಗೆ ಹೋಯಿತು.

ಆಮೇಲೆ ಅದನ್ನು ಯಾರೂ ಹಾಕಲಿಲ್ಲ.
ಕುರಿಗಳನ್ನು ಸಂತೆಗೆ ಒಯ್ಯಲು ಬಂದ ಲಾರಿಯವನು ಹಾಕಲಿಲ್ಲ,
ಶವಪೆಟ್ಟಿಗೆ ಹೊತ್ತ ಪ್ರೀಸ್ ಅಣ್ಣ, ಪ್ರೀಸ್ ತಮ್ಮ
(ಎದುರುಬದುರು ಹೆಗಲು, ಒಂದೇ ಹೆಜ್ಜೆ)
ಅವರೂ ಹಾಕಲಿಲ್ಲ.
ಕಂಡದ್ದು ತೆರೆದದ್ದು. ಹಾಗೇ ಬಿಟ್ಟರು.
ಹಿಮ ಬಿತ್ತು, ಕಂಬಿಗಳ ಮೇಲೆ ಕೂತು ಕರಗಿತು.
ಕಾಗೆಗಳು ಎಲ್ಮ್ ಮರದ ಬೊಡ್ಡೆಯ ಮೇಲೆ ಜಗಳಾಡಿದವು.
ಏಪ್ರಿಲ್ ಬಂತು, ತುರಿಕೆ ಗಿಡ
ಕಂಬಿಯ ಸಂದಿಯಿಂದ ತಲೆ ತೂರಿಸಿತು.
ನಾನು ದಿನಾ ಬ್ರೇಕು ಮುಟ್ಟದೆ ನುಗ್ಗಿದೆ.
ಒಂದು ಗೇಟು ಕಡಿಮೆ, ಎರಡು ನಿಮಿಷ ಲಾಭ;
ಆ ಎರಡು ನಿಮಿಷ ಎಲ್ಲಿ ಇಡಬೇಕೋ ತಿಳಿಯಲಿಲ್ಲ.

ಕಾಗದಗಳು ಅವನ ಹೆಸರಿಗೇ ಬರುತ್ತಿದ್ದವು.
ಕಿವಿಗೆ ಚುಚ್ಚುವ ಹಳದಿ ಬಿಲ್ಲೆಗಳ ಬಿಲ್ಲು,
ಇಲಾಖೆಯಿಂದ ನೆನಪೋಲೆ:
ನಿಮ್ಮಲ್ಲಿ ಈಗ ಕುರಿಗಳೆಷ್ಟು, ದಯವಿಟ್ಟು ತಿಳಿಸಿ.
ತಂಗಿ ಮ್ಯೂರಿಯಲ್ ಇಸಕೊಳ್ಳುತ್ತಿದ್ದಳು,
ಬ್ರೆಡ್ಡಿನ ಹಿಟ್ಟು ಮೆತ್ತಿದ ಕೈಯನ್ನು ಏಪ್ರನ್ನಿಗೆ ಒರೆಸಿ.
ಒಡೆಯುತ್ತಿರಲಿಲ್ಲ.
ಗಡಿಯಾರದ ಹಿಂದೆ ನಿಲ್ಲಿಸುತ್ತಿದ್ದಳು.

ಮೇ ತಿಂಗಳ ಒಂದು ಮಂಗಳವಾರ
ತಿರುವಿನಲ್ಲಿ ಎಂದಿನಂತೆ ನುಗ್ಗಿದವಳು
ಬ್ರೇಕು ತುಳಿದೆ, ಕಾಗದದ ಕಟ್ಟೆಲ್ಲ ಕಾಲಬುಡಕ್ಕೆ.
ಗೇಟು ಮುಚ್ಚಿತ್ತು.
ಕಂಬಿಯ ಸುತ್ತ ಬೆಳೆದದ್ದನ್ನು ಯಾರೋ ಕುಡುಗೋಲಿನಿಂದ ಕೊಯ್ದಿದ್ದರು,
ಅದು ತಿರುಗಿದ ದಾರಿಯಲ್ಲಿ ನೆಲ ಸಿಗಿದು
ಹಸಿ ಮಣ್ಣಿನ ಕಾಲು ಚಕ್ರ.
ಆಚೆ ಹನ್ನೊಂದು ಕುರಿ, ಹೊಸವು,
ಯಾರ ಬಣ್ಣವೂ ಬೆನ್ನ ಮೇಲಿಲ್ಲದವು,
ಬಾಯಾಡಿಸುವುದು ನಿಲ್ಲಿಸಿ ನನ್ನನ್ನು ನೋಡಿದವು.

ಇಳಿದೆ. ಚಿಲಕ ಯಾವ ಕಡೆಗೆ ಎಳೆಯಬೇಕು
ಕೈಗೆ ಮರೆತುಹೋಗಿತ್ತು.
ಎತ್ತಿ, ಆಮೇಲೆ ಎಡಕ್ಕೆ. ಹೌದು, ಎಡಕ್ಕೆ.

ಬಾಗಿಲಲ್ಲಿ ಮ್ಯೂರಿಯಲ್ ಕಾಗದ ಇಸಕೊಂಡಳು.
ಅಂಗೈ ತುಂಬ ತುಕ್ಕಿನ ಕಂದು,
ಬೆರಳಿನ ಬುಡದಲ್ಲಿ ತುರಿಕೆ ಗಿಡ ಎಬ್ಬಿಸಿದ ಬೊಬ್ಬೆ.
ಹುಲ್ಲು ಸುಮ್ಮನೆ ಹಾಳಾಗುತ್ತಿತ್ತು, ಅಂದಳು,
ನಾನು ಏನೂ ಕೇಳಿರಲಿಲ್ಲ.
ಇಲಾಖೆಯ ಲಕೋಟೆಯನ್ನು ಅಲ್ಲೇ ನಿಂತು ಹರಿದು
ಪೆನ್ನಿದೆಯಾ ಅಂದಳು.

ಕೊಟ್ಟೆ.
ವೇಲ್ಸಿನ ಕಡೆಯಿಂದ ಮೋಡ ಏರುತ್ತಿತ್ತು.
ಹಿಂದಿರುಗುವಾಗ ಗೇಟು ತೆಗೆದೆ, ದಾಟಿದೆ, ಹಾಕಿದೆ,
ಬಿದ್ದಿತೋ ಇಲ್ಲವೋ ಎಂದು ಒಮ್ಮೆ ಅಲ್ಲಾಡಿಸಿ ನೋಡಿದೆ.
ಇನ್ನೂ ಎಂಟು ಬಾಕಿ.
ಪೆನ್ನು ಅವಳಲ್ಲೇ ಉಳಿಯಿತು.